ಮುಂಬಯಿಯಲ್ಲಿ ಕನ್ನಡ ಹೈಸ್ಕೂಲು ಮೇಷ್ಟ್ರಾಗಬೇಕೆಂದರೆ: ಪದವಿಯಿಂದ ಶಾಲಾರ್ಥ ಐಡಿಯವರೆಗೆ

ಮೊದಲು ಬಿ.ಎಡ್. ಮುಗಿಸು, ಆಮೇಲೆ ಶಾಲೆ ಹುಡುಕು ಎನ್ನುವುದು ಊರ ಕಡೆಯ ಕ್ರಮ. ಮುಂಬಯಿಯಲ್ಲಿ ಇದನ್ನು ತಿರುವಿ ಹಾಕಬೇಕು. ಮೊದಲು ಹುದ್ದೆ ನೋಡಿ, ಆ ಹುದ್ದೆ ಯಾವ ವಿಷಯದ್ದು, ಯಾವ ಮಾಧ್ಯಮದ್ದು, ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿ, ಬಿ.ಎಡ್. ಅರ್ಜಿ ತುಂಬುವುದು ಅದಾದ ಮೇಲೆ. ಈ ಕ್ರಮ ತಪ್ಪಿದವರೇ ಎರಡು ವರ್ಷ ಓದಿ, ಕೈಯಲ್ಲಿ ಪದವಿ ಹಿಡಿದುಕೊಂಡು, ಟ್ಯೂಷನ್ ಕ್ಲಾಸಿನವರ ಹತ್ತಿರ ಗಂಟೆ ಲೆಕ್ಕದಲ್ಲಿ ಪಾಠ ಹೇಳುತ್ತಿರುತ್ತಾರೆ.

ಇಲ್ಲಿರುವುದು ಮುಖ್ಯವಾಗಿ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ, ಅಥವಾ ಕನ್ನಡ ಕಲಿಸುವ ಬೇರೆ ಮಾಧ್ಯಮದ ಶಾಲೆಯಲ್ಲಿ ಕೆಲಸ ಮಾಡಬೇಕೆನ್ನುವವರಿಗೆ. ಇಂಗ್ಲಿಷ್ ಮಾಧ್ಯಮದ ಸಿಬಿಎಸ್ಇ, ಐಸಿಎಸ್ಇ ಶಾಲೆಗಳ ದಾರಿ ಬೇರೆ. ಅಲ್ಲಿ ಆಡಳಿತ ಮಂಡಳಿಯೇ ಆರಿಸುತ್ತದೆ, ಸಂಬಳವೂ ಅವರದೇ.

ಹುದ್ದೆ ಹುಟ್ಟುವುದು ಎಲ್ಲಿಂದ

ಮಹಾರಾಷ್ಟ್ರದಲ್ಲಿ ಅನುದಾನಿತ ಶಾಲೆಯ ಹುದ್ದೆ ಮಕ್ಕಳ ತಲೆಯೆಣಿಕೆಯಿಂದ ಹುಟ್ಟುತ್ತದೆ. ಸೆಪ್ಟೆಂಬರ್ 30ರಂದು ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೋ ಅದು ಆ ವರ್ಷದ ಪಟಸಂಖ್ಯೆ. ಅದರಲ್ಲೂ ಆಧಾರ್ ಜತೆ ತಾಳೆಯಾದ ಮಕ್ಕಳೇ ಲೆಕ್ಕಕ್ಕೆ. ಅದರ ಮೇಲೆ ಶಿಕ್ಷಣ ಇಲಾಖೆ ‘ಸಂಚ ಮಾನ್ಯತಾ’ ಹೊರಡಿಸುತ್ತದೆ, ಅಂದರೆ ಈ ಶಾಲೆಗೆ ಇಷ್ಟು ಶಿಕ್ಷಕರು ಎಂಬ ಮಂಜೂರಾತಿ. ಮಕ್ಕಳು ಕಡಿಮೆಯಾದರೆ ಇರುವ ಶಿಕ್ಷಕರೇ ‘ಅತಿರಿಕ್ತ’ ಆಗುತ್ತಾರೆ, ಬಾಯಿಮಾತಿನಲ್ಲಿ ಸರ್‌ಪ್ಲಸ್. ಅವರನ್ನು ಬೇರೆ ಶಾಲೆಗೆ ‘ಸಮಾಯೋಜನೆ’ ಮಾಡಿ ಕಳಿಸುತ್ತಾರೆ. 2024ರ ಮಾರ್ಚ್ 15ರ ಸರ್ಕಾರಿ ಆದೇಶ ಬಂದ ಮೇಲಂತೂ 20ಕ್ಕಿಂತ ಕಡಿಮೆ ಮಕ್ಕಳಿರುವ ಕಡೆ ಹುದ್ದೆಯೇ ಅಲುಗಾಡುತ್ತದೆ.

ಕನ್ನಡ ಶಾಲೆಗಳ ಸ್ಥಿತಿ ಗೊತ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ವಡಾಲಾದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯಂಥ (ಎನ್‌ಕೆಇಎಸ್) ಹಳೆಯ ಸಂಸ್ಥೆಗಳಿವೆ. ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುವ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಿವೆ. ದಕ್ಷಿಣ ಕನ್ನಡದಿಂದ ಬಂದ ಹೋಟೆಲ್ ಹುಡುಗರಿಗಾಗಿ ಜಾತಿ ಸಂಘಗಳು ಕಟ್ಟಿದ ರಾತ್ರಿಶಾಲೆಗಳ ಪರಂಪರೆಯಿದೆ. ಆದರೆ ಶಾಲೆಯ ಹೆಸರು ದೊಡ್ಡದು ಎಂಬುದು ಬೇರೆ, ಅಲ್ಲಿ ಮಂಜೂರಾದ ಹುದ್ದೆ ಖಾಲಿ ಇದೆ ಎಂಬುದು ಬೇರೆ. ಅರ್ಜಿ ಹಿಡಿದು ಹೋಗುವ ಮೊದಲು ಕೇಳಬೇಕಾದ್ದು ಮೂರೇ: ಈ ಸಾಲಿನ ಸಂಚ ಮಾನ್ಯತೆಯಲ್ಲಿ ಹುದ್ದೆ ಇದೆಯೇ? ಅದು ಪೂರ್ತಿ ಅನುದಾನಿತವೇ, ಭಾಗಶಃ ಅನುದಾನಿತವೇ, ವಿನಾ ಅನುದಾನಿತವೇ? ತುಂಬಲು ಇಲಾಖೆಯ ‘ನಾ ಹರಕತ್’ (ಆಕ್ಷೇಪವಿಲ್ಲ) ಪತ್ರ ಬಂದಿದೆಯೇ? ಮೂರನೆಯದಕ್ಕೆ “ಬರುತ್ತದೆ, ನೀವು ಸೇರಿಕೊಳ್ಳಿ” ಎಂಬ ಉತ್ತರ ಸಿಕ್ಕಿದರೆ ನಮಸ್ಕಾರ ಹೇಳಿ ಎದ್ದು ಬರುವುದು ಉತ್ತಮ. 2012ರ ಮೇ 2ರಂದು ರಾಜ್ಯದಲ್ಲಿ ಶಿಕ್ಷಕರ ನೇಮಕಾತಿಗೆ ತಡೆ ಬಿದ್ದ ಮೇಲೆ ಹೀಗೆ ನಂಬಿ ಸೇರಿಕೊಂಡವರ ಮಾನ್ಯತೆಯ, ಅಂದರೆ ಇಲಾಖೆ ನೇಮಕವನ್ನು ಒಪ್ಪುವ, ಕಡತಗಳು ವರ್ಷಗಟ್ಟಲೆ ಓಡಾಡಿವೆ.

ಇನ್ನೊಂದು ಲೆಕ್ಕ. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಶಾಲೆಗಳು ಮುಂಬಯಿಯಲ್ಲಿ ಕೆಲವಿದ್ದರೆ, ಸಾಂಗ್ಲಿ ಜಿಲ್ಲೆಯ ಜತ್, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ತುಂಬ ಇವೆ. ಅಲ್ಲಿ ಹುಟ್ಟಿ ಕನ್ನಡ ಮಾಧ್ಯಮದಲ್ಲೇ ಓದಿ, ಮರಾಠಿಯನ್ನೂ ನೀರು ಕುಡಿದಂತೆ ಮಾತಾಡುವವರೇ ನಿಮ್ಮ ನಿಜವಾದ ಸ್ಪರ್ಧಿಗಳು. ವರ್ಗಾವಣೆಗೆ, ದೂರದ ನೇಮಕಕ್ಕೆ ನೀವು ತಯಾರಿದ್ದರೆ ಅವಕಾಶ ಎರಡು ಪಟ್ಟಾಗುತ್ತದೆ. ಮಾಟುಂಗಾ ಬಿಟ್ಟು ಕದಲುವುದಿಲ್ಲ ಎನ್ನುವವರು ಹುದ್ದೆಗಾಗಿ ವರ್ಷಗಟ್ಟಲೆ ಕಾಯುವುದಕ್ಕೂ ತಯಾರಿರಬೇಕು.

ಯಾವ ಪದವಿ, ಯಾವ ವಿಷಯ

ಹೈಸ್ಕೂಲು ಸಹಶಿಕ್ಷಕರಿಗೆ ಬೇಕಾದ್ದು ಪದವಿ ಮತ್ತು ಬಿ.ಎಡ್. ಆದರೆ ಹುದ್ದೆ ಹೊರಡುವುದು ವಿಷಯದ ಹೆಸರಿನಲ್ಲಿ. ಇಲ್ಲಿನ ಎಸ್.ಎಸ್.ಸಿ. ಅಂದರೆ ನಮ್ಮ ಎಸ್ಎಸ್ಎಲ್‌ಸಿ. ಅದರಲ್ಲಿ ಗಣಿತ ಎರಡು ಭಾಗ, ವಿಜ್ಞಾನ ಎರಡು ಭಾಗ, ಒಂದೊಂದಕ್ಕೆ 40 ಅಂಕ, ಆಂತರಿಕ 20. ಸಮಾಜ ವಿಜ್ಞಾನದಲ್ಲಿ ಇತಿಹಾಸ-ರಾಜ್ಯಶಾಸ್ತ್ರಕ್ಕೆ 40, ಭೂಗೋಳಕ್ಕೆ 40. ಭಾಷೆಗಳು ಮೂರು. ಚಿಕ್ಕ ಶಾಲೆಯಲ್ಲಿ ಒಬ್ಬರೇ ಗಣಿತ-ವಿಜ್ಞಾನ ಎರಡನ್ನೂ ಹೊರುತ್ತಾರೆ, ಕನ್ನಡ ಮೇಷ್ಟ್ರು ಇತಿಹಾಸವನ್ನೂ ತೆಗೆದುಕೊಳ್ಳುತ್ತಾರೆ. ಹಾಗಾಗಿ ಬಿ.ಎಡ್. ಸೇರುವಾಗ ಆರಿಸುವ ಮೆಥಡ್ ಜೋಡಿ, ಅಂದರೆ ಕಲಿಸಲು ತರಬೇತಾಗುವ ಎರಡು ವಿಷಯ, ಬಹಳ ಮುಖ್ಯ. ಕನ್ನಡ ಮಾಧ್ಯಮದಲ್ಲಿ ಗಣಿತ-ವಿಜ್ಞಾನ ಕಲಿಸಬಲ್ಲ ಬಿಎಸ್ಸಿ ಪದವೀಧರರು ಸಿಗುವುದು ಕಷ್ಟ. ಬರೀ ಕನ್ನಡ-ಇತಿಹಾಸದವರು ಸಾಲು ನಿಂತಿರುತ್ತಾರೆ.

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಬಿಕಾಂ ಎಂದರೆ ಕುಲದೇವರಿದ್ದಂತೆ. ಆದರೆ 9–10ನೇ ತರಗತಿಯಲ್ಲಿ ವಾಣಿಜ್ಯ ಎಂಬ ವಿಷಯವೇ ಇಲ್ಲ. ಬಿಕಾಂ ಜತೆ ಬಿ.ಎಡ್. ಮಾಡಿದವರು ಹೈಸ್ಕೂಲಿನ ಜಾಹೀರಾತುಗಳಲ್ಲಿ ತಮ್ಮ ವಿಷಯ ಕಾಣದೆ ಪೇಚಾಡುತ್ತಾರೆ. ಅವರಿಗೆ ಸರಿಯಾದ ಜಾಗ ಜೂನಿಯರ್ ಕಾಲೇಜು, ಅಂದರೆ 11–12. ಅದಕ್ಕೆ ಎಂಕಾಂನಲ್ಲಿ ಕನಿಷ್ಠ 50 ಪ್ರತಿಶತ ಮತ್ತು ಬಿ.ಎಡ್. ಎರಡೂ ಬೇಕು. ಕನ್ನಡ ಎಂಎ ಮಾಡುವವರಿಗೆ ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇಲ್ಲೇ ಇದೆ, ಧಾರವಾಡಕ್ಕೋ ಮೈಸೂರಿಗೋ ಹೋಗಬೇಕಿಲ್ಲ.

ಬಿ.ಎಡ್.: ಪ್ರವೇಶ ಮತ್ತು ಮೋಸಗಳು

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಗಳಂತೆ ಬಿ.ಎಡ್. ಎರಡು ವರ್ಷದ್ದು. ಪದವಿಯಲ್ಲಿ ಅಥವಾ ಸ್ನಾತಕೋತ್ತರದಲ್ಲಿ 50 ಪ್ರತಿಶತ ಇರಬೇಕು. ಗಣಿತ-ವಿಜ್ಞಾನ ಓದಿದ ಎಂಜಿನಿಯರಿಂಗ್ ಪದವೀಧರರಿಗೆ 55. ಮಹಾರಾಷ್ಟ್ರದಲ್ಲಿ ಪ್ರವೇಶ ರಾಜ್ಯ ಸಿಇಟಿ ಸೆಲ್ ನಡೆಸುವ ಪರೀಕ್ಷೆಯ ಮೇಲೆ. ನೂರು ಪ್ರಶ್ನೆ, 90 ನಿಮಿಷ: ಬೌದ್ಧಿಕ ಸಾಮರ್ಥ್ಯ 40, ಸಾಮಾನ್ಯ ಜ್ಞಾನ 30, ಶಿಕ್ಷಕ ಅಭಿಕ್ಷಮತೆ 30. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಇಂಗ್ಲಿಷ್ ಮಾಧ್ಯಮದ ಬಿ.ಎಡ್. ಕಾಲೇಜು ಬೇಕೆನ್ನುವವರು ಇಎಲ್‌ಸಿಟಿ ಎಂಬ ಇಂಗ್ಲಿಷ್ ಪರೀಕ್ಷೆಯನ್ನೂ ಬರೆಯಬೇಕು. ಮುಖ್ಯ ಸಿಇಟಿಯ ಅರ್ಜಿ ತುಂಬುವಾಗಲೇ ಇದಕ್ಕೂ ಟಿಕ್ ಹಾಕದಿದ್ದರೆ ಇಂಗ್ಲಿಷ್ ಮಾಧ್ಯಮದ ಕಾಲೇಜುಗಳ ಬಾಗಿಲು ಆ ವರ್ಷ ಮುಚ್ಚಿದ ಹಾಗೆ. ಮರಾಠಿ ಬಾರದ ಕನ್ನಡಿಗರು ಪ್ರತಿವರ್ಷ ಮುಗ್ಗರಿಸುವುದು ಇದೇ ಒಂದು ಟಿಕ್ಕಿನಲ್ಲಿ.

ಕಾಲೇಜು ಆರಿಸುವಾಗ ಪ್ರಾಂಶುಪಾಲರಿಗೆ ನೇರವಾಗಿ ಕೇಳಿ: ಕನ್ನಡ ಮೆಥಡ್ ಇದೆಯೇ, ಇಂಟರ್ನ್‌ಶಿಪ್ಪಿಗೆ ಕನ್ನಡ ಶಾಲೆ ಕೊಡುತ್ತೀರಾ? ಈ ಇಂಟರ್ನ್‌ಶಿಪ್ ಒಟ್ಟು 20 ವಾರ: ಮೊದಲ ವರ್ಷ 4, ಎರಡನೆಯ ವರ್ಷ 16. ಆ ಹದಿನಾರು ವಾರ ನೀವು ಯಾವ ಶಾಲೆಯಲ್ಲಿ ಕಳೆಯುತ್ತೀರೋ ಅಲ್ಲಿಯ ಮುಖ್ಯೋಪಾಧ್ಯಾಯರು ನಿಮ್ಮನ್ನು ನಾಲ್ಕು ತಿಂಗಳು ದಿನಾ ನೋಡಿರುತ್ತಾರೆ. ಮುಂದೆ ಅಲ್ಲಿ ಹುದ್ದೆ ತೆರೆದರೆ ಅವರ ನೆನಪಿಗೆ ಮೊದಲು ಬರುವ ಮುಖ ನಿಮ್ಮದಾಗಿರಲಿ. ಕಾಲೇಜು ಕೊಟ್ಟ ಪಕ್ಕದ ಶಾಲೆಗೆ ಹೋಗಿ ಹಾಜರಿ ಹಾಕಿ ಬರುವುದು ಸುಲಭ, ಆದರೆ ಅದು ಕೈಯಾರೆ ಕಳೆದುಕೊಂಡ ಅವಕಾಶ.

ಎರಡು ಮೋಸಗಳನ್ನು ಹೇಳಲೇಬೇಕು. ‘ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಬಿ.ಎಡ್. ಮೊದಲನೆಯದು. ನಿಯಮದಲ್ಲಿ ತರಗತಿ ಮತ್ತು ಪ್ರಾಯೋಗಿಕಕ್ಕೆ 80 ಪ್ರತಿಶತ, ಇಂಟರ್ನ್‌ಶಿಪ್ಪಿಗೆ 90 ಪ್ರತಿಶತ ಹಾಜರಾತಿ ಕಡ್ಡಾಯ. ಒಂದೇ ಅವಧಿಯಲ್ಲಿ ಮುಂಬಯಿಯ ಕಂಪನಿಯ ಸಂಬಳದ ಚೀಟಿ, ಬೇರೆ ರಾಜ್ಯದ ಕಾಲೇಜಿನ ಹಾಜರಾತಿ ಎರಡೂ ಇದ್ದರೆ ಮಾನ್ಯತೆಯ ಹೊತ್ತಿಗೆ ಯಾರಾದರೂ ಅದನ್ನು ಎತ್ತಿ ತೋರಿಸುತ್ತಾರೆ. ಹುದ್ದೆ ತಪ್ಪಿದ ಇನ್ನೊಬ್ಬ ಅಭ್ಯರ್ಥಿಯೇ ಸಾಕು. ಎರಡನೆಯದು ದೂರಶಿಕ್ಷಣದ ಬಿ.ಎಡ್. ಅದು ಇರುವುದು ಈಗಾಗಲೇ ತರಬೇತಾದ, ಸೇವೆಯಲ್ಲಿರುವ ಪ್ರಾಥಮಿಕ ಶಿಕ್ಷಕರಿಗೆ, ಅಥವಾ ಎನ್‌ಸಿಟಿಇ ಮಾನ್ಯತೆಯ ಬೇರೊಂದು ಶಿಕ್ಷಕ ತರಬೇತಿಯನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ. ಈಗಷ್ಟೇ ಪದವಿ ಮುಗಿಸಿದವರಿಗೆ ಅಲ್ಲ. ಕಾಲೇಜು ಯಾವುದೇ ಇರಲಿ, ಎನ್‌ಸಿಟಿಇಯ ಪ್ರಾದೇಶಿಕ ಸಮಿತಿಯ ಪಟ್ಟಿಯಲ್ಲಿ ಹೆಸರು ಇದೆಯೇ ನೋಡಿಕೊಳ್ಳಿ. ಮಹಾರಾಷ್ಟ್ರ, ಗೋವಾಗಳಿಗೆ ಪಶ್ಚಿಮ ಸಮಿತಿ, ಕರ್ನಾಟಕಕ್ಕೆ ದಕ್ಷಿಣ ಸಮಿತಿ.

ಹೆಸರು, ಜಾತಿ, ದಾಖಲೆ

ಓದಿನಲ್ಲಿ ಎಡವಿದವರಿಗಿಂತ ಕಾಗದದಲ್ಲಿ ಎಡವಿದವರು ಹೆಚ್ಚು. ಅದರಲ್ಲೂ ಕರ್ನಾಟಕದಲ್ಲಿ ಓದಿ ಇಲ್ಲಿಗೆ ಬಂದವರು.

ಹೆಸರನ್ನೇ ನೋಡಿ. ಕರ್ನಾಟಕದ ಅಂಕಪಟ್ಟಿಯಲ್ಲಿ ‘ಸುಮಾ ಕೆ.ಆರ್.’ ಎಂದಿರುತ್ತದೆ. ಮಹಾರಾಷ್ಟ್ರದ ಪ್ರತಿ ಅರ್ಜಿಯಲ್ಲೂ ಮೂರು ಖಾನೆ: ಆಡನಾವ್ (ಮನೆತನದ ಹೆಸರು), ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು. ತಾಯಿಯ ಹೆಸರಿಗೆ ಬೇರೆ ಖಾನೆ. ಸುಮಾ ಅವರು ಸಿಇಟಿಯಲ್ಲಿ ಆಡನಾವ್ ಖಾನೆಗೆ ‘ಕೆ.ಆರ್.’ ಹಾಕುತ್ತಾರೆ, ಆಧಾರಿನಲ್ಲಿ ‘ಸುಮಾ ರಾಮಪ್ಪ’ ಇರುತ್ತದೆ, ಮದುವೆಯಾದ ಮೇಲೆ ಪ್ಯಾನ್ ಕಾರ್ಡಿನಲ್ಲಿ ‘ಸುಮಾ ಮಹೇಶ್ ಪೂಜಾರಿ’ ಆಗುತ್ತದೆ. ಮೂವರೂ ಒಬ್ಬರೇ ಎಂದು ಕಂಪ್ಯೂಟರಿಗೆ ಯಾರು ಹೇಳಬೇಕು? ಇದಕ್ಕೆ ಪರಿಹಾರ ಒಂದೇ: ಮೊದಲ ಅರ್ಜಿ ತುಂಬುವ ಮೊದಲೇ ಒಂದು ರೂಪ ಗಟ್ಟಿ ಮಾಡಿಕೊಂಡು, ಮಹಾರಾಷ್ಟ್ರ ಸರ್ಕಾರದ ರಾಜಪತ್ರದಲ್ಲಿ ಹೆಸರು ಬದಲಾವಣೆ ಪ್ರಕಟಿಸಿ, ಆ ಪ್ರತಿಯ ಮೇಲೆ ಆಧಾರ್, ಪ್ಯಾನ್, ಬ್ಯಾಂಕು ಮೂರನ್ನೂ ಒಂದು ಮಾಡುವುದು. ಅಂಕಪಟ್ಟಿಯ ಹೆಸರು ಹಳೆಯದೇ ಇರಲಿ, ರಾಜಪತ್ರದ ಪ್ರತಿ ಅದಕ್ಕೂ ಇದಕ್ಕೂ ಸೇತುವೆಯಾಗುತ್ತದೆ. ಬರೀ ನೋಟರಿ ಅಫಿಡವಿಟ್ ನೆಚ್ಚಿಕೊಂಡು ಕೂರಬೇಡಿ.

ಜಾತಿ ಪ್ರಮಾಣಪತ್ರದ ಮಾತು ಇನ್ನೂ ಬಿಗಿ. ಕರ್ನಾಟಕದ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರದಲ್ಲಿ ಮೀಸಲಾತಿ ಸಿಗುವುದಿಲ್ಲ. ವಲಸೆ ಬಂದವರ ಮೀಸಲಾತಿ ಹುಟ್ಟಿದ ರಾಜ್ಯದಲ್ಲೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 1990ರ ತೀರ್ಪಿನಿಂದಲೇ ಹೇಳುತ್ತ ಬಂದಿದೆ. ಇಲ್ಲಿಯ ಪ್ರಮಾಣಪತ್ರ ಬೇಕಾದರೆ ನಿಗದಿತ ದಿನಕ್ಕಿಂತ ಮೊದಲೇ ನಿಮ್ಮ ಕುಟುಂಬ ಮಹಾರಾಷ್ಟ್ರದಲ್ಲಿ ವಾಸವಿದ್ದ ಪುರಾವೆ ಬೇಕು: ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 21 ನವೆಂಬರ್ 1961, ಒಬಿಸಿಗೆ 13 ಅಕ್ಟೋಬರ್ 1967. ಅಜ್ಜ 1955ರಲ್ಲಿ ಫೋರ್ಟಿನ ಹೋಟೆಲಿಗೆ ಬಂದವರಾಗಿ, ಅವರದೋ ತಂದೆಯದೋ ಶಾಲಾ ದಾಖಲೆ, ಬಾಡಿಗೆ ರಸೀದಿ, ಹಳೆಯ ರೇಷನ್ ಕಾರ್ಡು ಏನಾದರೂ ಇದ್ದರೆ ಒಬಿಸಿ ಹಾದಿ ತೆರೆಯಬಹುದು. ಅದೇ ಪುರಾವೆ ಪರಿಶಿಷ್ಟ ಜಾತಿಗೆ ಸಾಲದು. ಪ್ರಮಾಣಪತ್ರ ಸಿಕ್ಕಿದ ಮೇಲೂ ಕೆಲಸ ಮುಗಿಯಲಿಲ್ಲ, ಪರಿಶೀಲನಾ ಸಮಿತಿಯ ‘ವ್ಯಾಲಿಡಿಟಿ’ ಬೇಕು, ಒಬಿಸಿಯವರಿಗೆ ಕುಟುಂಬದ ಆದಾಯ ಮಿತಿಯೊಳಗಿದೆ ಎಂಬ ನಾನ್ ಕ್ರೀಮಿಲೇಯರ್ ಪತ್ರ ಬೇಕು. ಇದ್ಯಾವುದೂ ಆಗದಿದ್ದರೆ ಮುಲಾಜಿಲ್ಲದೆ ಓಪನ್ ವರ್ಗದಲ್ಲೇ ಅರ್ಜಿ ಹಾಕಿ. ಸುಳ್ಳು ಆಸೆಯ ಮೇಲೆ ಮೀಸಲು ವರ್ಗದಲ್ಲಿ ಹಾಕಿ, ಪರಿಶೀಲನೆಯ ಮೇಜಿನ ಮುಂದೆ ಎಲ್ಲ ಕಳೆದುಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ.

ಡೊಮಿಸೈಲ್‌ಗೆ (ರಾಜ್ಯದ ನಿವಾಸಿ ಪ್ರಮಾಣಪತ್ರಕ್ಕೆ) 15 ವರ್ಷದ ವಾಸದ ಪುರಾವೆ ಕೂಡಿಸಿಡಿ. ಕರ್ನಾಟಕದ ವಿಶ್ವವಿದ್ಯಾಲಯದಿಂದ ಬಂದವರು ಮೈಗ್ರೇಷನ್ ಪ್ರಮಾಣಪತ್ರವನ್ನು ಊರಿಗೆ ಹೋದಾಗಲೇ ತೆಗೆದುಕೊಂಡು ಬನ್ನಿ. ಇಲ್ಲಿಯ ವಿಶ್ವವಿದ್ಯಾಲಯದ ಎಲಿಜಿಬಿಲಿಟಿ (ಅರ್ಹತಾ ಪತ್ರ) ಅದಿಲ್ಲದೆ ಮುಂದೆ ಹೋಗದು. ಹತ್ತನೆಯವರೆಗೆ ಓದಿದ್ದು ಯಾವ ಮಾಧ್ಯಮ ಎಂಬುದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಪತ್ರವೂ ಜತೆಗಿರಲಿ. ಕನ್ನಡ ಮಾಧ್ಯಮದ ಹುದ್ದೆಗೆ ಅದೇ ನಿಮ್ಮ ಆಸ್ತಿ.

ಟಿಇಟಿ ಮತ್ತು ಟೈಟ್

ಟಿಇಟಿ ಎಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. “ಹೈಸ್ಕೂಲಿಗೆ ಟಿಇಟಿ ಬೇಡ” ಎಂಬ ಮಾತು ಅರ್ಧ ಸತ್ಯ. ಎನ್‌ಸಿಟಿಇಯ 2010ರ ಆಗಸ್ಟ್ 23ರ ಅಧಿಸೂಚನೆ ಟಿಇಟಿಯನ್ನು ಕಡ್ಡಾಯ ಮಾಡಿದ್ದು 1ರಿಂದ 8ನೇ ತರಗತಿಗೆ. ಮಹಾರಾಷ್ಟ್ರ ಅದನ್ನು 2013ರ ಫೆಬ್ರುವರಿ 13ರ ಆದೇಶದಿಂದ ಜಾರಿಗೆ ತಂದಿತು. 9–10ಕ್ಕೆ ಅದು ಇಲ್ಲ, ನಿಜ. ಆದರೆ ಇಲ್ಲಿಯ ಹೈಸ್ಕೂಲುಗಳು 5ರಿಂದ ಅಥವಾ 8ರಿಂದ ಶುರುವಾಗುತ್ತವೆ. ಖಾಲಿಯಾದ ಹುದ್ದೆ 6–8ರ ಗುಂಪಿನದಾದರೆ ಟಿಇಟಿ ಇಲ್ಲದವರಿಗೆ ಅದು ಸಿಗದು. ಹೀಗಾಗಿ ಟಿಇಟಿಯ ಎರಡನೇ ಪತ್ರಿಕೆ ಪಾಸು ಮಾಡಿಟ್ಟುಕೊಳ್ಳಿ. 150 ಪ್ರಶ್ನೆ, 150 ನಿಮಿಷ. ಬಾಲ ವಿಕಾಸ 30, ಮೊದಲ ಭಾಷೆ 30, ಎರಡನೆಯ ಭಾಷೆ 30, ಉಳಿದ 60 ಗಣಿತ-ವಿಜ್ಞಾನ ಅಥವಾ ಸಮಾಜ ವಿಜ್ಞಾನ. ಪಾಸಾಗಲು 60 ಪ್ರತಿಶತ, ಅಂದರೆ 90 ಅಂಕ. ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಮಹಾಟಿಇಟಿಯಲ್ಲೂ, ಸಿಬಿಎಸ್ಇಯ ಸಿಟಿಇಟಿಯಲ್ಲೂ ಕನ್ನಡವನ್ನು ಭಾಷೆಯಾಗಿ ಆರಿಸಿಕೊಳ್ಳಬಹುದು. ಈ ಮೂವತ್ತು ಅಂಕ ನಮ್ಮವರಿಗೆ ಕೈಗೆಟುಕುವ ಹಣ್ಣು. ಆದರೂ ಅರ್ಜಿಯಲ್ಲಿ ಅಭ್ಯಾಸಬಲದಿಂದ ಇಂಗ್ಲಿಷ್-ಹಿಂದಿ ತುಂಬಿ ಬರುವವರಿದ್ದಾರೆ. ಪ್ರಮಾಣಪತ್ರ ಈಗ ಜೀವನಪೂರ್ತಿ ಊರ್ಜಿತ.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಸೇವೆಯಲ್ಲಿದ್ದು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಅದೇ ತೀರ್ಪು ದೊಡ್ಡ ಪೀಠಕ್ಕೆ ಒಪ್ಪಿಸಿದೆ. ಮಹಾರಾಷ್ಟ್ರದಲ್ಲಿ ಕನ್ನಡ ಭಾಷಿಕರು ಭಾಷಾ ಅಲ್ಪಸಂಖ್ಯಾತರು. ಇಲ್ಲಿಯ ಕನ್ನಡ ಸಂಸ್ಥೆಗಳಲ್ಲಿ ಆ ಮಾನ್ಯತೆ ಪಡೆದವು ಇವೆ. “ನಮಗೆ ಅನ್ವಯಿಸುವುದಿಲ್ಲ” ಎಂಬ ಭರವಸೆಯ ಮೇಲೆ ಕೂರುವುದು ಜಾಣತನವಲ್ಲ.

ಟೈಟ್ ಎಂಬುದು ಬೇರೆ ಪರೀಕ್ಷೆ, ಶಿಕ್ಷಕ ಅಭಿಯೋಗ್ಯತೆ ಮತ್ತು ಬುದ್ಧಿಮತ್ತೆಯದು. 2017ರಲ್ಲಿ ಶುರುವಾಯಿತು, ಮುಂದೆ 2023, 2025ರಲ್ಲಿ ನಡೆಯಿತು. ಪ್ರತಿವರ್ಷ ಬರುವುದಿಲ್ಲ ಎಂಬುದೇ ಇದರ ಕಷ್ಟ. ಒಂದು ತಪ್ಪಿದರೆ ಎರಡು-ಮೂರು ವರ್ಷ ಹೋಯಿತು. 200 ಪ್ರಶ್ನೆ, 120 ನಿಮಿಷ: ಅಭಿಯೋಗ್ಯತೆ 120, ಬುದ್ಧಿಮತ್ತೆ 80. ಒಂದು ಪ್ರಶ್ನೆಗೆ 36 ಸೆಕೆಂಡು. ಇಲ್ಲಿ ಸೋಲುವವರು ಗೊತ್ತಿಲ್ಲದೆ ಸೋಲುವುದಿಲ್ಲ, ಒಂದು ಲೆಕ್ಕಕ್ಕೆ ಅಂಟಿಕೊಂಡು ಕೂತು ಸೋಲುತ್ತಾರೆ. ಗಡಿಯಾರ ಇಟ್ಟುಕೊಂಡು ಹತ್ತು ನಿಮಿಷಕ್ಕೆ 16 ಪ್ರಶ್ನೆಯ ಲೆಕ್ಕದಲ್ಲಿ ಅಭ್ಯಾಸ ಮಾಡಿ. ಈ ಅಂಕದ ಮೇಲೆಯೇ ರಾಜ್ಯದ ಶಿಕ್ಷಕ ನೇಮಕಾತಿಯ ‘ಪವಿತ್ರ’ ಪೋರ್ಟಲಿನಲ್ಲಿ ಶಾಲೆಗಳ ಆದ್ಯತೆ ತುಂಬುವುದು. ಖಾಸಗಿ ಅನುದಾನಿತ ಸಂಸ್ಥೆಗಳಲ್ಲಿ ಸಂದರ್ಶನ ಇರುವ ಮತ್ತು ಇಲ್ಲದ ಎರಡೂ ಬಗೆ ಇರುತ್ತವೆ. ಅಲ್ಪಸಂಖ್ಯಾತ ಮಾನ್ಯತೆಯ ಸಂಸ್ಥೆಗಳು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ತಾವೇ ಆರಿಸಿಕೊಳ್ಳುತ್ತವೆ. ಮುಂಬಯಿಯ ಕನ್ನಡ ದೈನಿಕ ಮತ್ತು ಸಂಘಗಳ ಸೂಚನಾಫಲಕ ನೋಡುವ ರೂಢಿ ಅದಕ್ಕಾಗಿ ಬೇಕು.

ಡೆಮೊ ಪಾಠ

ಸಂದರ್ಶನವಿದ್ದಲ್ಲಿ ಹತ್ತು-ಹದಿನೈದು ನಿಮಿಷದ ಪಾಠ ಮಾಡಿಸುತ್ತಾರೆ. ಬಿ.ಎಡ್.ನಲ್ಲಿ ಕಲಿತ ಮೈಕ್ರೋಟೀಚಿಂಗಿನ ಅಳತೆ ನೆನಪಿಸಿಕೊಳ್ಳಿ: ಒಂದು ಕೌಶಲ, ಆರು ನಿಮಿಷ. ಆ ಶಿಸ್ತಿನಿಂದಲೇ ಡೆಮೊ ಕಟ್ಟಬೇಕು. ಪೂರ್ತಿ ಪದ್ಯ ಮುಗಿಸಲು ಹೊರಟವರು ಕವಿ ಪರಿಚಯದಲ್ಲೇ ಗಂಟೆ ಹೊಡೆಸಿಕೊಳ್ಳುತ್ತಾರೆ.

ಸಂಧಿ ಪಾಠ ತೆಗೆದುಕೊಳ್ಳಿ. ಮುಂಬಯಿ ಮಗು ಮನೆಯಲ್ಲಿ ತುಳುವೋ ಕುಂದಾಪ್ರ ಕನ್ನಡವೋ, ಚಾಳಿನಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ ಆಡುತ್ತದೆ. ಅದಕ್ಕೆ ‘ಸ್ವರದ ಮುಂದೆ ಸ್ವರ ಬಂದು’ ಎಂದು ಸೂತ್ರದಿಂದ ಶುರು ಮಾಡಿದರೆ ತಲೆ ಮೇಲೆ ಹೋಗುತ್ತದೆ. ಲೋಕಲ್ ರೈಲಿನ ಸ್ಟೇಷನ್ನುಗಳಿಂದ ಹೊರಡಿ. ಬೋರ್ಡಿನ ಮೇಲೆ ‘ಅಂಧೇರಿ + ಇಂದ’ ಬರೆಯಿರಿ, ಮಕ್ಕಳಿಂದ ಜೋರಾಗಿ ಹೇಳಿಸಿ. ‘ಅಂಧೇರಿಯಿಂದ’ ಎನ್ನುತ್ತಾರೆ. ಈ ‘ಯ’ ಎಲ್ಲಿ ಹತ್ತಿತು, ಯಾವ ಸ್ಟೇಷನ್ನಿನಲ್ಲಿ? ಎರಡರಲ್ಲೂ ಇರಲಿಲ್ಲ, ನಡುವೆ ಬಂತು, ಆದ್ದರಿಂದ ಆಗಮ. ‘ಠಾಣೆ + ಅಲ್ಲಿ’ ಕೊಡಿ, ತಾವೇ ‘ಠಾಣೆಯಲ್ಲಿ’ ಎನ್ನುತ್ತಾರೆ. ಈಗ ‘ಫೋರ್ಟು + ಅಲ್ಲಿ’. ‘ಫೋರ್ಟಲ್ಲಿ’. ಇಲ್ಲಿ ಯಾರೋ ಇಳಿದುಹೋದರಲ್ಲ, ಯಾರು? ‘ಉ’ ಇಳಿದುಹೋಯಿತು, ಲೋಪ. ‘ಮಳೆ + ಕಾಲ’ ಎಂದರೆ ‘ಮಳೆಗಾಲ’, ‘ಕ’ ಎದ್ದ ಸೀಟಿನಲ್ಲಿ ‘ಗ’ ಕೂತಿತು, ಆದೇಶ. ಮೂರು ಹೆಸರು ಕೊನೆಯಲ್ಲಿ ಬೋರ್ಡಿಗೆ ಬರಲಿ, ಮೊದಲಿಗೆ ಬೇಡ. ಯಾರಾದರೂ ‘ಕುರ್ಲಾದಿಂದ’ ಹೇಳಿ ‘ದ’ ಎಲ್ಲಿಂದ ಬಂತು ಎಂದು ಕೇಳಿಯೇ ಕೇಳುತ್ತಾರೆ. ‘ದ’ ಇಲ್ಲಿ ಪ್ರಕೃತಿಗೂ ವಿಭಕ್ತಿಗೂ ನಡುವೆ ಸೇರುವ ಬೇರೆ ಪ್ರತ್ಯಯ, ಯ-ವಗಳ ಆಗಮ ಸಂಧಿಯೊಳಗೆ ಅದು ಬರುವುದಿಲ್ಲ. ಅದಕ್ಕೆ ಉತ್ತರ ಸಿದ್ಧವಿಟ್ಟುಕೊಂಡವರು ಆಯ್ಕೆ ಸಮಿತಿಯ ಮುಂದೆ ಗೆದ್ದಂತೆ.

ಇಲ್ಲಿಯ ಮಕ್ಕಳ ಕಾಗುಣಿತ ತಪ್ಪಿಗೂ ಒಂದು ನಿರ್ದಿಷ್ಟ ಕಾರಣವಿದೆ. ದೇವನಾಗರಿಯಲ್ಲಿ ಓದು ಕಲಿತ ಮಗುವಿಗೆ ಎ-ಏ, ಒ-ಓಗಳ ಹ್ರಸ್ವ ದೀರ್ಘ ವ್ಯತ್ಯಾಸ ಬರಹದಲ್ಲಿ ಕಾಣಿಸಿರುವುದಿಲ್ಲ. ಹಿಂದಿ-ಮರಾಠಿ ಲಿಪಿಗೆ ಒಂದೇ ‘ए’, ಒಂದೇ ‘ओ’ ಸಾಕು. ಆದ್ದರಿಂದ ಬೆಳೆ ಬೇಳೆಯಾಗುತ್ತದೆ, ಕೊಡು ಕೋಡಾಗುತ್ತದೆ. ಇದನ್ನು ಅಲಕ್ಷ್ಯ ಎಂದು ಕೆಂಪು ಗೆರೆ ಎಳೆದು ಪ್ರಯೋಜನವಿಲ್ಲ. ಹತ್ತು ಜೋಡಿ ಪದಗಳ ಪಟ್ಟಿ ಮಾಡಿ ಉಕ್ತಲೇಖನ ಕೊಡಿ: ಬೆಳೆ-ಬೇಳೆ, ಕೊಡು-ಕೋಡು, ಒಲೆ-ಓಲೆ ಹೀಗೆ. ಡೆಮೊದಲ್ಲಿ ಈ ಒಂದು ವಿಷಯ ಹೇಳಿದರೂ ನೀವು ಮುಂಬಯಿಯ ಮಕ್ಕಳನ್ನು ಬಲ್ಲವರು ಎಂದು ಗೊತ್ತಾಗುತ್ತದೆ.

ಆದೇಶ ಕೈಗೆ ಬಂದ ಮೇಲೆ

ನೇಮಕಾತಿ ಆದೇಶ ಕೈಗೆ ಬಂದೊಡನೆ ಪೇಡೆ ಹಂಚುತ್ತಾರೆ. ಹಂಚಲಿ, ಆದರೆ ಅರ್ಧ ದಾರಿ ಇನ್ನೂ ಬಾಕಿ. ಖಾಸಗಿ ಶಾಲೆಗಳ ಸೇವಾ ನಿಯಮ 1977ರ ಕಾಯಿದೆ ಮತ್ತು 1981ರ ನಿಯಮಾವಳಿಯದು; ಎಂಇಪಿಎಸ್ ಎಂದೇ ಎಲ್ಲರೂ ಕರೆಯುತ್ತಾರೆ. ಆದೇಶ ಅದರ ‘ಡಿ’ ಅನುಸೂಚಿಯ ನಮೂನೆಯಲ್ಲೇ ಇರಬೇಕು. ಹುದ್ದೆ ಕಾಯಮ್ ಖಾಲಿಯದೋ ರಜೆಯ ಖಾಲಿಯದೋ ಎಂಬುದು ಸ್ಪಷ್ಟವಾಗಿ ಬರೆದಿರಬೇಕು. ರಜೆಯ ಖಾಲಿಯಲ್ಲಿ ಎಷ್ಟು ವರ್ಷ ಕಲಿಸಿದರೂ ಕಾಯಮಾತಿಯ ಹಕ್ಕು ಹುಟ್ಟುವುದಿಲ್ಲ.

ಅದಾದ ಮೇಲೆ ಶಾಲೆ ನಿಮ್ಮ ಕಡತವನ್ನು ‘ವೈಯಕ್ತಿಕ ಮಾನ್ಯತೆ’ಗೆ ಕಳಿಸಬೇಕು. ಮುಂಬಯಿಯಲ್ಲಿ ಮಾಧ್ಯಮಿಕ ಶಾಲೆಗಳಿಗೆ ಶಿಕ್ಷಣ ನಿರೀಕ್ಷಕರ ಕಚೇರಿ. ದಕ್ಷಿಣ, ಉತ್ತರ, ಪಶ್ಚಿಮ ಎಂದು ಮೂರು ವಿಭಾಗ. ಅವರ ಮೇಲೆ ಚರ್ನಿರೋಡಿನ ಜವಾಹರ್ ಬಾಲಭವನದಲ್ಲಿರುವ ಶಿಕ್ಷಣ ಉಪಸಂಚಾಲಕರ (ಉಪನಿರ್ದೇಶಕರ) ಕಚೇರಿ. ಕಡತದಲ್ಲಿ ಶಾಲಾ ಸಮಿತಿಯ ಠರಾವು, ಜಾಹೀರಾತಿನ ಪ್ರತಿ, ಸಂದರ್ಶನದ ಅಂಕಪಟ್ಟಿ, ಸಂಚ ಮಾನ್ಯತೆ, ನಾ ಹರಕತ್, ನಿಮ್ಮ ಎಲ್ಲ ಮೂಲ ದಾಖಲೆಗಳ ದೃಢೀಕೃತ ಪ್ರತಿ ಇರುತ್ತವೆ. ಇದರ ಪೂರ್ತಿ ಜೆರಾಕ್ಸ್ ಸೆಟ್ ಒಂದನ್ನು ಪುಟಸಂಖ್ಯೆ ಹಾಕಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಕಚೇರಿಯ ಆವಕ್ ನಂಬರ್ (ಒಳಬಂದ ಪತ್ರದ ನೋಂದಣಿ ಸಂಖ್ಯೆ) ಬರೆದುಕೊಳ್ಳಿ. ಕ್ಲಾರ್ಕಿನ ಬಾಯಿಮಾತಿನ ‘ಕಳಿಸಿದ್ದೇವೆ’ಗೆ ಬೆಲೆಯಿಲ್ಲ, ಆವಕ್ ನಂಬರಿಗಿದೆ.

ಮಾನ್ಯತೆಯ ನಂತರ ಶಾಲಾರ್ಥ ಐಡಿ. ಸಂಬಳದ ಬಿಲ್ಲು ಹೊರಡುವುದು ಶಾಲಾರ್ಥ ಎಂಬ ಸರ್ಕಾರದ ಆನ್‌ಲೈನ್ ಪದ್ಧತಿಯಲ್ಲಿ. ಐಡಿ ಇಲ್ಲದಿದ್ದರೆ ಮಸ್ಟರಿನಲ್ಲಿ ದಿನಾ ಸಹಿ ಹಾಕಿದರೂ ಖಾತೆಗೆ ಬಿಡಿಗಾಸು ಬರುವುದಿಲ್ಲ. 2025ರಲ್ಲಿ ನಾಗಪುರದಲ್ಲಿ ಬೋಗಸ್ ಶಾಲಾರ್ಥ ಐಡಿಗಳ ಹಗರಣ ಹೊರಬಿದ್ದಿತು. ಐಡಿಯನ್ನು ‘ಬೇಗ ಮಾಡಿಸಿಕೊಡುತ್ತೇವೆ’ ಎನ್ನುವ ಮಧ್ಯವರ್ತಿಗೆ ಹಣ ಕೊಟ್ಟವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಆರೋಪಿಯೂ ಆಗುತ್ತಾರೆ.

ಮೊದಲ ಮೂರು ವರ್ಷ ನೀವು ‘ಶಿಕ್ಷಣ ಸೇವಕ’. 2023ರ ಜನವರಿಯಿಂದ ಮಾಧ್ಯಮಿಕಕ್ಕೆ ಗೌರವಧನ ತಿಂಗಳಿಗೆ 18,000 ರೂಪಾಯಿ, ಪ್ರಾಥಮಿಕಕ್ಕೆ 16,000, ಉಚ್ಚ ಮಾಧ್ಯಮಿಕಕ್ಕೆ 20,000. ಡೊಂಬಿವಲಿಯಲ್ಲಿ ಬಾಡಿಗೆ ಮನೆ ಮಾಡಿ ವಡಾಲಾಕ್ಕೆ ಓಡಾಡುವವರಿಗೆ ಇದು ಸಾಲದು. ಮೂರು ವರ್ಷ ಮನೆಯಲ್ಲಿ ಇನ್ನೊಂದು ಸಂಪಾದನೆ ಇದ್ದರೆ ಮಾತ್ರ ದಾಟಲು ಸಾಧ್ಯ ಎಂಬುದನ್ನು ಸೇರುವ ಮೊದಲೇ ಮನೆಯವರೊಂದಿಗೆ ಕೂತು ಲೆಕ್ಕ ಹಾಕಿ. ನಂತರ ಏಳನೇ ವೇತನದ ಎಸ್-14 ಶ್ರೇಣಿ, 38,600ರಿಂದ 1,22,800; ಜತೆಗೆ ಮುಂಬಯಿಯ ಮನೆಬಾಡಿಗೆ ಭತ್ತೆ, ತುಟ್ಟಿಭತ್ತೆ. 12 ವರ್ಷಕ್ಕೆ ವರಿಷ್ಠ ಶ್ರೇಣಿ, 24ಕ್ಕೆ ನಿವಡ (ಆಯ್ಕೆ) ಶ್ರೇಣಿ, 58ಕ್ಕೆ ನಿವೃತ್ತಿ. 2005ರ ನವೆಂಬರ್ 1ರಿಂದೀಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ಪದ್ಧತಿ ಅನ್ವಯವಾಗದು. ಸೇವೆಯಿಂದ ತೆಗೆದರೆ ಶಾಲಾ ನ್ಯಾಯಾಧಿಕರಣಕ್ಕೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು, ಮೂವತ್ತೊಂದನೆಯ ದಿನ ಕಾರಣ ಹೇಳುತ್ತ ನಿಲ್ಲಬೇಕಾಗುತ್ತದೆ.

ಸ್ಟಾಫ್ ರೂಮಿನ ಭಾಷೆ

ಕನ್ನಡ ಶಾಲೆಯಾದರೂ ಇಲಾಖೆಯ ಸುತ್ತೋಲೆ, ಸಭೆ, ತರಬೇತಿ ಎಲ್ಲ ಮರಾಠಿ. 2020ರ ಕಾಯಿದೆಯಿಂದ ಎಲ್ಲ ಶಾಲೆಗಳಲ್ಲೂ ಮರಾಠಿ ಕಲಿಕೆ ಕಡ್ಡಾಯವಾಗಿದೆ. ಸಾಹಿತ್ಯದ ಮರಾಠಿ ಬೇಡ. ಪರಿಪತ್ರಕ (ಸುತ್ತೋಲೆ), ಅಹವಾಲ್ (ವರದಿ), ಪ್ರಸ್ತಾವ್, ಮುದತ್ (ಗಡುವು), ಜಾವಕ್-ಆವಕ್ (ಹೊರಹೋದ-ಒಳಬಂದ ಪತ್ರ) ಇವುಗಳ ಮರಾಠಿ ಸಾಕು. ದಿನಕ್ಕೊಂದು ಸುತ್ತೋಲೆ ಓದಿದರೆ ಆರು ತಿಂಗಳಲ್ಲಿ ಬಂದೇ ಬರುತ್ತದೆ.

ಕೆಲವು ಹೆಸರುಗಳು ಊರಿಗಿಂತ ಬೇರೆ. ಊರಲ್ಲಿ ಟಿ.ಸಿ., ಇಲ್ಲಿ ಎಲ್.ಸಿ. (ಲೀವಿಂಗ್ ಸರ್ಟಿಫಿಕೇಟ್). ಮಕ್ಕಳ ಹಾಜರಿ ಪುಸ್ತಕಕ್ಕೆ ‘ಕ್ಯಾಟಲಾಗ್’ ಎನ್ನುತ್ತಾರೆ, ಶಿಕ್ಷಕರದ್ದು ‘ಮಸ್ಟರ್’. ಜೂನ್ 15ರ ಆಸುಪಾಸಿಗೆ ಶಾಲೆ ತೆರೆದಾಗ ಹೊಸಬರ ಕೈಗೆ ಮೊದಲು ಬರುವುದು ಕ್ಯಾಟಲಾಗೇ. ಅದರಲ್ಲಿ ಹೆಸರು, ಜನರಲ್ ರಜಿಸ್ಟರಿನ ನಂಬರ್, ಹುಟ್ಟಿದ ದಿನ ಬರೆಯುವಾಗ ಬಿಳಿಶಾಯಿ ಬಳಿಯಬಾರದು. ತಪ್ಪಿದರೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ. ಶಾಲೆ-ಮಕ್ಕಳ ಲೆಕ್ಕವಿಡುವ ಯುಡೈಸ್ ಮತ್ತು ಸರಲ್ ಎಂಬ ಸರ್ಕಾರಿ ಪೋರ್ಟಲುಗಳಿಗೆ ಹೋಗುವ ಮಾಹಿತಿ ಇದೇ ಹಾಳೆಯಿಂದ. ಇಲ್ಲಿ ಒಂದಕ್ಷರ ತಪ್ಪಿದರೆ ಮಗುವಿನ ಆಧಾರ್ ತಾಳೆಯಾಗುವುದಿಲ್ಲ, ಸೆಪ್ಟೆಂಬರ್ 30ರ ಲೆಕ್ಕದಲ್ಲಿ ಒಂದು ತಲೆ ಕಡಿಮೆಯಾಗುತ್ತದೆ. ಅದು ಕೊನೆಗೆ ಬಂದು ತಟ್ಟುವುದು ನಿಮ್ಮದೇ ಹುದ್ದೆಯನ್ನು.

ಸೇವಾ ಪುಸ್ತಕ ಶಾಲೆಯ ಕಪಾಟಿನಲ್ಲಿರುತ್ತದೆ. ವರ್ಷಕ್ಕೊಮ್ಮೆ ಅದನ್ನು ಕೇಳಿ ಪಡೆದು, ಮಾನ್ಯತೆಯ ಆದೇಶದ ಜಾವಕ್ ನಂಬರ್, ಇನ್‌ಕ್ರಿಮೆಂಟ್, ರಜೆಯ ನೋಂದಣಿ ಮೂರೂ ಬಿದ್ದಿವೆಯೇ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.